ಪುರಾಣ ಪ್ರವಚನ ಮತ್ತು ನಿರೂಪಣ (ಜತ್ತ ತಾಲೂಕು)

ಧರ್ಮಗ್ರಂಥವೊಂದನ್ನು ಮೊದಲಿನಿಂದ ಕೊನೆಯವರೆಗೆ ಕ್ರಮ ತಪ್ಪಿಸದೆ ಭಾಗಭಾಗವಾಗಿ ಸಭೆಯಲ್ಲಿ ಓದಿ, ಆಯಾ ದಿನದ ಪಾಲಿಗೆ ಬಂದ ಭಾಗವನ್ನು ಕೇಳುಗರ ಬಾಳಿಗೆ ಹತ್ತುವಂತೆ ಬಿಡಿಸಿ ಹೇಳುವ ಪದ್ಧತಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಜತ್ತ ತಾಲೂಕಿನ ಕನ್ನಡ ಊರುಗಳಲ್ಲಿ ಇದು ಎರಡು ರೂಪಗಳಲ್ಲಿ ನೆಲೆಗೊಂಡಿದೆ. ಲಿಂಗಾಯತ ಮಠ ಮತ್ತು ಗುಡಿಗಳಲ್ಲಿ ನಡೆಯುವ ಷಟ್ಪದಿ ಪುರಾಣಗಳ ಪ್ರವಚನ ಒಂದು. ಉಮದಿಯ ಭಾವೂಸಾಹೇಬ ಮಹಾರಾಜರಿಂದ ಬೆಳೆದ ಇಂಚಗೇರಿ ಗುರುಪರಂಪರೆಯಲ್ಲಿ ಸಮರ್ಥ ರಾಮದಾಸರ ‘ದಾಸಬೋಧ’ವನ್ನು ಆಧರಿಸಿ ನಡೆಯುವ ನಿರೂಪಣ ಇನ್ನೊಂದು.

ಇಂಥ ಕ್ರಮಬದ್ಧ ವಾಚನದ ಅತ್ಯಂತ ಹಳೆಯ ಮತ್ತು ಬಿಗಿಯಾದ ಮಾದರಿಗಳಲ್ಲಿ ಯೆಹೂದ್ಯರ ವಾರದ ತೋರಾ ಪಾಠ ಮುಖ್ಯವಾದುದು. ಮೋಶೆಯ ಹೆಸರಿನಲ್ಲಿರುವ ಐದು ಗ್ರಂಥಗಳ ಸಮೂಹವೇ ತೋರಾ. ಅದನ್ನು 54 ಭಾಗಗಳಾಗಿ ವಿಂಗಡಿಸಿ, ವಾರಕ್ಕೊಂದರಂತೆ ಶನಿವಾರದ ಬೆಳಗಿನ ಪ್ರಾರ್ಥನೆಯಲ್ಲಿ ಸುರುಳಿಯಿಂದ ಓದಲಾಗುತ್ತದೆ. ಈ ಭಾಗಕ್ಕೆ ಪಾರಾಶಾ ಎಂದು ಹೆಸರು. ಅಧಿಕಮಾಸವಿಲ್ಲದ ವರ್ಷದಲ್ಲಿ ವಾರಗಳು ಸಾಲದಿರುವುದರಿಂದ ಕೆಲವು ಭಾಗಗಳನ್ನು ಜೋಡಿಯಾಗಿ ಓದುತ್ತಾರೆ. ಕೊನೆಯ ಭಾಗ ಮುಗಿದ ಹಬ್ಬದ ಸಂದರ್ಭದಲ್ಲಿಯೇ ಮೊದಲ ಭಾಗವನ್ನು ಮತ್ತೆ ಆರಂಭಿಸುವುದರಿಂದ ವಾಚನಕ್ಕೆ ಬಿಡುವು ಎಂಬುದೇ ಇಲ್ಲ. ಮೂಲದ ಹೀಬ್ರೂ ಭಾಷೆ ಜನರ ಮಾತಿನಿಂದ ದೂರವಾದ ಕಾಲದಲ್ಲಿ, ಓದುವವನ ಪಕ್ಕದಲ್ಲಿ ನಿಂತು ಪ್ರತಿ ವಾಕ್ಯವನ್ನೂ ಆಡುಭಾಷೆಯಾದ ಅರಾಮಿಕ್‌ನಲ್ಲಿ ಹೇಳುವ ಅರ್ಥಗಾರನೊಬ್ಬನಿರುತ್ತಿದ್ದನು. ಮನೆಯಲ್ಲಿ ವಾರದ ಭಾಗವನ್ನು ಎರಡು ಸಲ ಮೂಲದಲ್ಲಿಯೂ ಒಂದು ಸಲ ಅರಾಮಿಕ್ ಅನುವಾದದಲ್ಲಿಯೂ ಓದಬೇಕೆಂಬ ನಿಯಮ ಇಂದಿಗೂ ಶ್ರದ್ಧಾಳುಗಳಲ್ಲಿ ಉಳಿದಿದೆ. ವಂಶಾವಳಿಗಳು, ಬಲಿಯ ವಿಧಿಗಳು, ಚರ್ಮರೋಗದ ಶುದ್ಧಾಶುದ್ಧ ನಿಯಮಗಳು ಬರುವ ವಾರದಲ್ಲಿಯೂ ವ್ಯಾಖ್ಯಾನಕಾರನು ಅದನ್ನು ಬಿಟ್ಟು ರುಚಿಕರವಾದ ಕಥೆಯೊಂದಕ್ಕೆ ಹಾರುವಂತಿಲ್ಲ. ಈ ಪದ್ಧತಿಯ ಬಲವೆಲ್ಲ ಆ ಕಟ್ಟುಪಾಡಿನಲ್ಲಿಯೇ ಇದೆ.

ಮಹಾರಾಷ್ಟ್ರಕ್ಕೆ ಈ ಸಂಪ್ರದಾಯ ಅಪರಿಚಿತವಲ್ಲ. ಶನಿವಾರ ಗಾಣ ಹೂಡದ ಕಾರಣ ‘ಶನಿವಾರ ತೇಲಿ’ಗಳೆನಿಸಿಕೊಂಡ ಕೊಂಕಣದ ಬೆನೆ ಇಸ್ರೇಲ್ ಎಂಬ ಯೆಹೂದ್ಯ ಸಮುದಾಯವು 1796ರಲ್ಲಿ ಮುಂಬಯಿಯಲ್ಲಿ ತನ್ನ ಮೊದಲ ಪ್ರಾರ್ಥನಾ ಮಂದಿರವನ್ನು ಕಟ್ಟಿತು, 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಬ್ರಹಾಮ, ಯೋಸೇಫ, ಮೋಶೆಯರ ಕಥೆಗಳನ್ನು ಮರಾಠಿ ಕೀರ್ತನದ ಧಾಟಿಗೆ ಅಳವಡಿಸಿ ಹಾಡಿ ಹೇಳತೊಡಗಿತು. ಗ್ರಂಥ ಯಾವುದೇ ಇರಲಿ, ಈ ನಾಡಿನಲ್ಲಿ ಅದರ ಅರ್ಥ ಜನರನ್ನು ಮುಟ್ಟಬೇಕಾದರೆ ಹಾಡು ಮತ್ತು ಮಾತು ಕೂಡಿಯೇ ಸಾಗಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಜತ್ತವು 1948ರವರೆಗೆ ಡಫಳೆ ಮನೆತನದ ಸಂಸ್ಥಾನವಾಗಿದ್ದು, ಬಳಿಕ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿತು. ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಿಗೆ ತಾಗಿರುವ ಉಮದಿ, ಸಂಖ, ಗುಡ್ಡಾಪುರ ಮೊದಲಾದ ಊರುಗಳಲ್ಲಿ ಕನ್ನಡ ಮನೆಮಾತು; ಕಚೇರಿಯ ವ್ಯವಹಾರ ಮರಾಠಿಯದು. ಎರಡೂ ಭಾಷೆಗಳನ್ನು ಬಲ್ಲ ಕೇಳುಗರು, ಎರಡೂ ಭಾಷೆಗಳ ಭಕ್ತಿಗ್ರಂಥಗಳು ಒಂದೇ ಊರಿನಲ್ಲಿ ಸೇರಿರುವುದು ಇಲ್ಲಿಯ ಪದ್ಧತಿಗೆ ವಿಶಿಷ್ಟವಾದ ಆಕಾರ ಕೊಟ್ಟಿದೆ.

ಇಂಚಗೇರಿ ಪರಂಪರೆಯಲ್ಲಿ ಈ ಕೂಡಿಕೆ ಎದ್ದು ಕಾಣುತ್ತದೆ. ಅದರ ಮೂಲಪುರುಷರಾದ ನಿಂಬರಗಿಯ ಗುರುಲಿಂಗಜಂಗಮ ಮಹಾರಾಜರು ಲಿಂಗಾಯತರು; ಅವರು ಉಪದೇಶ ಮಾಡಿದ್ದು ಆಡುಮಾತಿಗೆ ಸಮೀಪವಾದ ಕನ್ನಡದಲ್ಲಿ. ಅವರ ಶಿಷ್ಯರಾದ ವೆಂಕಟೇಶ ಖಂಡೇರಾವ ದೇಶಪಾಂಡೆ, ಅಂದರೆ ಭಾವೂಸಾಹೇಬ ಮಹಾರಾಜರು, 1843ರಲ್ಲಿ ಉಮದಿಯ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವರು. ಅವರು ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿ ಮಠ ಸ್ಥಾಪಿಸಿ, 1914ರಲ್ಲಿ ಅಲ್ಲಿಯೇ ಸಮಾಧಿಸ್ಥರಾದರು. ಲಿಂಗಾಯತ ಗುರುವಿನ ನಾಮೋಪದೇಶವನ್ನು ಪಡೆದ ಈ ಪರಂಪರೆ ಮರಾಠಿಯ ‘ದಾಸಬೋಧ’ವನ್ನು ತನ್ನ ಪ್ರಧಾನ ಗ್ರಂಥವಾಗಿ ಇರಿಸಿಕೊಂಡಿತು. ಜಾತಿ, ಭಾಷೆ, ಪಂಥಗಳ ಗಡಿಗಳು ಗಟ್ಟಿಯಾಗಿದ್ದ ಕಾಲದಲ್ಲಿ ನಡೆದ ಈ ಸ್ವೀಕಾರ ಎರಡು ನಾಡುಗಳ ಭಕ್ತಿ ಇತಿಹಾಸದಲ್ಲಿ ಈವರೆಗೆ ದೊರೆತಿರುವುದಕ್ಕಿಂತ ಹೆಚ್ಚಿನ ಗಮನಕ್ಕೆ ಅರ್ಹವಾದುದು.

‘ದಾಸಬೋಧ’ವು 17ನೆಯ ಶತಮಾನದ ಕೃತಿ. ಓವಿ ಎಂಬ ಮರಾಠಿ ಪದ್ಯಜಾತಿಯಲ್ಲಿ ರಚಿತವಾಗಿದ್ದು, 20 ದಶಕಗಳನ್ನೂ ಪ್ರತಿ ದಶಕದಲ್ಲಿ ಸಮಾಸವೆಂದು ಕರೆಯುವ 10 ಅಧ್ಯಾಯಗಳನ್ನೂ ಒಳಗೊಂಡಿದೆ. ಹೀಗೆ ಸಿದ್ಧವಾಗಿರುವ 200 ಸಮಾಸಗಳು ದಿನಕ್ಕೊಂದರಂತೆ ಓದಲು ತಾವಾಗಿಯೇ ಒದಗುತ್ತವೆ. ಕೃತಿಯ ಧಾಟಿ ಗುರುಶಿಷ್ಯ ಸಂವಾದದ್ದು. ಕೇಳುಗನ ಸಂದೇಹವನ್ನು ಪಠ್ಯವೇ ಮುಂದಾಗಿ ಎತ್ತಿಕೊಂಡು ಪರಿಹರಿಸುವುದರಿಂದ, ನಿರೂಪಣ ಮಾಡುವವರಿಗೆ ಸಭೆಯೊಂದಿಗೆ ಮಾತಿಗಿಳಿಯುವ ದಾರಿ ಗ್ರಂಥದೊಳಗೇ ತೆರೆದಿರುತ್ತದೆ. ವಿಷಯದ ಹರವು ಸಹ ದೊಡ್ಡದು. ಎರಡನೆಯ ದಶಕ ಮೂರ್ಖನ ಲಕ್ಷಣಗಳಿಂದ, ಮೂರನೆಯದು ಹುಟ್ಟಿನ ದುಃಖದಿಂದ, ನಾಲ್ಕನೆಯದು ಒಂಬತ್ತು ಬಗೆಯ ಭಕ್ತಿಗಳಲ್ಲಿ ಮೊದಲನೆಯದಾದ ಶ್ರವಣದಿಂದ ಆರಂಭವಾದರೆ, ಹತ್ತೊಂಬತ್ತನೆಯ ದಶಕದ ಮೊದಲ ಸಮಾಸ ಅಕ್ಷರಗಳನ್ನು ದುಂಡಗೆ, ಒಪ್ಪವಾಗಿ ಬರೆಯುವ ಬಗೆಯನ್ನು ಕಲಿಸುತ್ತದೆ. ಬ್ರಹ್ಮಜ್ಞಾನವನ್ನು ಕೇಳಲು ಕುಳಿತವನು ಬರವಣಿಗೆಯ ಶಿಸ್ತನ್ನೂ ಕೇಳಿಯೇ ಏಳಬೇಕು.

ಈ ಪರಂಪರೆಯಲ್ಲಿ ನೇಮವೆಂದರೆ ಗುರು ಕೊಟ್ಟ ನಾಮವನ್ನು ದಿನವೂ ತಪ್ಪದೆ ಧ್ಯಾನಿಸುವುದು. ವಾಚನ, ನಿರೂಪಣ, ಭಜನೆಗಳು ಆ ನೇಮಕ್ಕೆ ಒತ್ತಾಸೆಯಾಗಿ ನಿಲ್ಲುತ್ತವೆಯೇ ಹೊರತು ಅದರ ಜಾಗವನ್ನು ಆಕ್ರಮಿಸುವುದಿಲ್ಲ. ಆದ್ದರಿಂದ ನಿರೂಪಣವು ಪಾಂಡಿತ್ಯದ ಪ್ರದರ್ಶನವಾಗದೆ, ಸಾಧಕನು ಆ ದಿನ ತನ್ನ ಧ್ಯಾನದಲ್ಲಿ ಕಾಣುವ ತೊಡಕುಗಳ ಕಡೆಗೆ ತಿರುಗಿರುತ್ತದೆ. ಭಾವೂಸಾಹೇಬರ ಶಿಷ್ಯರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆ (1886–1957) ರಾಮದಾಸರ ವಚನಗಳನ್ನು ವಿಷಯಾನುಸಾರ ಆಯ್ದು ಸಂಕಲಿಸಿದರು. ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಕನ್ನಡ ಅನುಭಾವ ಸಾಹಿತ್ಯದ ಮೇಲೂ ಮಹತ್ತ್ವದ ಉಪನ್ಯಾಸಗಳನ್ನು ನೀಡಿದರು. ಇನ್ನೊಬ್ಬ ಶಿಷ್ಯರಾದ ಸಿದ್ಧರಾಮೇಶ್ವರ ಮಹಾರಾಜರು (1888–1936) ‘ದಾಸಬೋಧ’, ‘ಯೋಗವಾಸಿಷ್ಠ’, ‘ಏಕನಾಥಿ ಭಾಗವತ’ಗಳನ್ನು ಹಿಡಿದು ಮಾಡಿದ ನಿರೂಪಣಗಳನ್ನು ಅವರ ಶಿಷ್ಯ ನಿಸರ್ಗದತ್ತ ಮಹಾರಾಜರು ಬರೆದಿಟ್ಟುಕೊಂಡು ಮುಂದೆ ಪ್ರಕಟಿಸಿದರು. ಕ್ಷಣಕ್ಕೆ ಹುಟ್ಟಿ ಗಾಳಿಯಲ್ಲಿ ಕರಗಬಹುದಾಗಿದ್ದ ಮಾತುಗಳು ಹೀಗೆ ಸ್ವತಂತ್ರ ಗ್ರಂಥವಾಗಿ ಉಳಿದವು.

ಲಿಂಗಾಯತ ಮಠಗಳ ಪುರಾಣ ಪ್ರವಚನ ಇದಕ್ಕಿಂತ ಹೆಚ್ಚು ಸಾರ್ವಜನಿಕವಾದುದು. ಇದನ್ನು ಆರಂಭಿಸುವುದಕ್ಕೆ ಜನರ ಮಾತಿನಲ್ಲಿ ‘ಪುರಾಣ ಹಚ್ಚುವುದು’ ಎನ್ನುತ್ತಾರೆ. ಮುಗಿಯುವ ದಿನ ಪುರಾಣದ ಮಂಗಲ. ಶ್ರಾವಣ ಮಾಸ ಇದರ ಮುಖ್ಯ ಕಾಲ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಹಿಂಗಾರಿ ಜೋಳವೇ ಪ್ರಧಾನ ಬೆಳೆಯಾಗಿರುವುದರಿಂದ, ಅದರ ಬಿತ್ತನೆಗೆ ಮುಂಚಿನ ಈ ದಿನಗಳಲ್ಲಿ ಒಕ್ಕಲುಮಕ್ಕಳಿಗೆ ರಾತ್ರಿಯ ಬಿಡುವು ಸಿಗುತ್ತದೆ. 1369ರಲ್ಲಿ ಭೀಮಕವಿ ಬರೆದ ‘ಬಸವಪುರಾಣ’, ಚಾಮರಸನ ‘ಪ್ರಭುಲಿಂಗಲೀಲೆ’, ವಿರೂಪಾಕ್ಷ ಪಂಡಿತನ ‘ಚೆನ್ನಬಸವಪುರಾಣ’ ಇವು ಹಳೆಯ ಆಧಾರಗ್ರಂಥಗಳು. ಆರು ಸಾಲಿನ ಷಟ್ಪದಿಯನ್ನು ರಾಗವಾಗಿ ಹಾಡುವುದು, ಪದ ಬಿಡಿಸುವುದು, ಬಳಿಕ ಉಪಕಥೆಗಳ ಮೂಲಕ ಅರ್ಥವನ್ನು ಹಿಗ್ಗಿಸುವುದು ಇದರ ಕ್ರಮ. ಹಾರ್ಮೋನಿಯಂ, ತಬಲಾ ಜೊತೆಗಿರುತ್ತವೆ. ಇಂಥ ಗಾಯಕರನ್ನೂ ಪುರಾಣಿಕರನ್ನೂ ತಯಾರು ಮಾಡಿದ ಕೀರ್ತಿ ಬಹುಪಾಲು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಸಲ್ಲುತ್ತದೆ. ಅಲ್ಲಿಯ ಪುಟ್ಟರಾಜ ಗವಾಯಿಗಳು (1914–2010) ದೃಷ್ಟಿಹೀನರಾಗಿದ್ದೂ ಹಲವು ಪುರಾಣಗಳನ್ನು ಸ್ವತಃ ರಚಿಸಿದರು.

ತಾಲೂಕಿಗೆ ತನ್ನದೇ ಆದ ಪುರಾಣನಾಯಿಕೆಯಿದ್ದಾಳೆ. ಇದೇ ತಾಲೂಕಿನ ಉಮರಾಣಿಯಲ್ಲಿ ಲಿಂಗಮ್ಮಳಾಗಿ ಹುಟ್ಟಿ, ಬಸವಣ್ಣನವರಿಂದ ದಾನಮ್ಮ ಎಂಬ ಹೆಸರು ಪಡೆದಳೆಂದು ಭಕ್ತರು ನಂಬುವ 12ನೆಯ ಶತಮಾನದ ಶರಣೆಯ ಗುಡಿ ಗುಡ್ಡಾಪುರದಲ್ಲಿದೆ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಕರ್ನಾಟಕದ ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ. ದಾನಮ್ಮದೇವಿಯ ಪುರಾಣವನ್ನು ಉತ್ತರ ಕರ್ನಾಟಕದ ಊರೂರುಗಳಲ್ಲಿ ಹಚ್ಚುತ್ತಾರೆ. ಕಥೆಯಲ್ಲಿ ಬರುವ ಸ್ಥಳಗಳು ನಡೆದುಹೋಗುವಷ್ಟು ಹತ್ತಿರದಲ್ಲಿರುವುದರಿಂದ, ಜತ್ತದ ಕೇಳುಗರಿಗೆ ಈ ಪುರಾಣ ದೂರದ ದೇವತೆಯ ವೃತ್ತಾಂತವಾಗಿರದೆ ನೆರೆಮನೆಯ ಹೆಣ್ಣುಮಗಳ ಬಾಳಾಗಿ ಕೇಳಿಸುತ್ತದೆ.

20ನೆಯ ಶತಮಾನದ ಕೊನೆಯ ದಶಕಗಳಿಂದ ಷಟ್ಪದಿಯನ್ನು ಬದಿಗಿಟ್ಟು ವಚನವನ್ನೋ ಜೀವನದ ವಿಷಯವೊಂದನ್ನೋ ಹಿಡಿದು ಮಾತನಾಡುವ ಪ್ರವಚನಗಳು ಹೆಚ್ಚಾಗಿವೆ. ಇದರಿಂದ ಕೇಳುಗರ ಬಳಗ ಹಿರಿದಾಯಿತು. ಆದರೆ ವಿಷಯವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ಪ್ರವಚನಕಾರರಿಗೆ ಬಂದೊಡನೆ, ಒಲ್ಲದ ಅಧ್ಯಾಯವನ್ನೂ ಎದುರಿಸಲೇಬೇಕಾದ ಹಳೆಯ ಕಟ್ಟು ಸಡಿಲವಾಯಿತು ಎಂಬುದೂ ನಿಜ. ಈ ಎರಡು ದಾರಿಗಳನ್ನು ಸರಿದೂಗಿಸಿದವರಲ್ಲಿ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಅಗ್ರಗಣ್ಯರು. ಬಿಜ್ಜರಗಿಯಲ್ಲಿ ಹುಟ್ಟಿ, 2023ರ ಜನವರಿ 2ರಂದು ನಿಧನರಾದ ಅವರು ಅಲ್ಲಮಪ್ರಭುವಿನ ವಚನಗಳನ್ನು ಬಿಡಿಸಿ ಹೇಳಿದರು. ಒಂದೊಂದು ಊರಿನಲ್ಲಿ ತಿಂಗಳುಗಟ್ಟಲೆ ನಿಂತು ನಡೆಸಿದ ಪ್ರವಚನಗಳನ್ನು ಕರ್ನಾಟಕದಲ್ಲಿ ಕನ್ನಡದಲ್ಲಿಯೂ ಮಹಾರಾಷ್ಟ್ರದಲ್ಲಿ ಮರಾಠಿಯಲ್ಲಿಯೂ ನೀಡಿದರು.