ಮಣಿಸರದ ಲೆಕ್ಕ, ದೇಹದ ಸಾಕ್ಷ್ಯ

ರಾಮನಗರವೆಂದರೆ ನಮ್ಮಲ್ಲಿ ಹಲವರಿಗೆ ರೇಷ್ಮೆಗೂಡಿನ ಮಾರುಕಟ್ಟೆ ನೆನಪಾಗುತ್ತದೆ, ಇಲ್ಲವೇ ‘ಶೋಲೆ’ ಚಿತ್ರದ ಬಂಡೆಗಳು. ವೈದ್ಯಕೀಯದ ಇತಿಹಾಸದಲ್ಲಿಯೂ ಆ ಊರಿಗೊಂದು ಸ್ಥಾನವಿದೆ. ನಾವೀಗ ನೆಲೆಸಿರುವ ಮೆಲ್ಬರ್ನ್ ನಗರಕ್ಕೂ ಇದೆ. ಋತುಚಕ್ರದಲ್ಲಿ ಗರ್ಭ ನಿಲ್ಲಬಲ್ಲ ದಿನಗಳು ಯಾವುವು ಎಂಬ ಒಂದೇ ಪ್ರಶ್ನೆಗೆ ಈ ಎರಡು ಊರುಗಳಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಬೇರೆ ಬೇರೆ ದಾರಿಯಿಂದ ಉತ್ತರ ಹುಡುಕಲಾಯಿತು.

ಪ್ರಶ್ನೆ ಬಹಳ ಹಳೆಯದು. ಮನುಸ್ಮೃತಿಯು ಋತುಕಾಲವನ್ನು ಹದಿನಾರು ರಾತ್ರಿಗಳೆಂದೂ ಸುಶ್ರುತ ಸಂಹಿತೆಯು ಹನ್ನೆರಡೆಂದೂ ಎಣಿಸಿದವು. ಗ್ರೀಕ್ ವೈದ್ಯ ಸೊರಾನಸ್, ಮುಟ್ಟು ಮುಗಿಯುವ ಹೊತ್ತೇ ಗರ್ಭಧಾರಣೆಗೆ ತಕ್ಕ ಕಾಲವೆಂದು ಬಗೆದನು. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಅನೇಕ ವೈದ್ಯರು ಪ್ರಾಣಿಗಳ ಬೆದೆಯೊಡನೆ ಹೋಲಿಸಿ, ಮುಟ್ಟಿನ ಆಸುಪಾಸಿನಲ್ಲಿಯೇ ಅಂಡ ಬಿಡುಗಡೆಯಾಗುತ್ತದೆಂದು ನಂಬಿದ್ದರು. ಆದ್ದರಿಂದ ಮಗು ಬೇಡವೆಂದವರಿಗೆ ಚಕ್ರದ ನಡುವಿನ ದಿನಗಳು ಸುರಕ್ಷಿತವೆಂದು ಹೇಳುತ್ತಿದ್ದರು. ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚಿರುವುದು ಸಾಮಾನ್ಯವಾಗಿ ಆ ದಿನಗಳಲ್ಲಿಯೇ! ಆ ಸಲಹೆಯ ಫಲವನ್ನು ಉಂಡವರು ಹೆಂಗಸರು.

ಈ ತಪ್ಪನ್ನು ತಿದ್ದಿದವರಲ್ಲಿ ಮೊದಲಿಗರು ಜಪಾನಿನ ಕ್ಯುಸಾಕು ಒಗಿನೊ. ಅಂಡೋತ್ಸರ್ಗವು ಮುಂದಿನ ಮುಟ್ಟಿಗೆ 12ರಿಂದ 16 ದಿನಗಳ ಮೊದಲು ಆಗುತ್ತದೆಂದು ಅವರು 1924ರಲ್ಲಿ ಪ್ರಕಟಿಸಿದರು. ಆಸ್ಟ್ರಿಯಾದ ಹರ್ಮನ್ ಕ್ನೌಸ್ ಪ್ರತ್ಯೇಕವಾಗಿ ಇಂಥದೇ ತೀರ್ಮಾನಕ್ಕೆ ಬಂದರು. ಎಣಿಸಬೇಕಾದುದು ಕಳೆದ ಮುಟ್ಟಿನಿಂದ ಮುಂದಕ್ಕಲ್ಲ, ಬರಲಿರುವ ಮುಟ್ಟಿನಿಂದ ಹಿಂದಕ್ಕೆ. ತೊಡಕೂ ಅಲ್ಲಿಯೇ ಇದೆ: ಮುಂದಿನ ಮುಟ್ಟು ಎಂದು ಬರುವುದೆಂದು ಮೊದಲೇ ಬಲ್ಲವರು ಯಾರು?

ಆ ತೊಡಕು ರಾಮನಗರದಲ್ಲಿ ಎದುರಾಯಿತು. 1930ರಷ್ಟು ಹಿಂದೆಯೇ ಸರ್ಕಾರಿ ಜನನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಸಮ್ಮತಿಸಿದ್ದ ಮೈಸೂರು ಸೀಮೆಯ ಈ ಊರನ್ನೂ ದೆಹಲಿಯ ಲೋಧಿ ಕಾಲೊನಿಯನ್ನೂ 1952ರ ಸುಮಾರಿಗೆ ಒಂದು ಪ್ರಯೋಗಕ್ಕೆ ಆರಿಸಲಾಯಿತು. ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರಿಗೆ ಸಂಯಮದ ಮಾರ್ಗವೇ ಒಪ್ಪಿಗೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಬಂದ ಡಾ. ಅಬ್ರಹಾಂ ಸ್ಟೋನ್ ದಿನಗಳನ್ನು ಗುರುತಿಸಲು ಬಣ್ಣಬಣ್ಣದ ಮಣಿಗಳ ಸರವನ್ನು ರೂಪಿಸಿದರು. ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಹೆಂಗಸರಿಗೆ ಎಣಿಸಲು ಬಾರದೆಂದು ಹೇಳಿಬಿಡುವುದು ಸುಲಭ. ಆದರೆ ಹಾಲೂಡಿಸುವ ತಾಯಿಯ, ದಣಿದ ಅಥವಾ ಕಾಯಿಲೆಬಿದ್ದ ಹೆಣ್ಣಿನ ಚಕ್ರ ಮಣಿಸರದ ಅಳತೆಗೆ ಸಿಕ್ಕುವುದಿಲ್ಲ.

1953ರಲ್ಲಿ ಮೆಲ್ಬರ್ನಿನ ನರರೋಗ ತಜ್ಞ ಜಾನ್ ಬಿಲ್ಲಿಂಗ್ಸ್ ಇದೇ ವಿಷಯವನ್ನು ಕೈಗೆತ್ತಿಕೊಂಡರು. ಮುಂದೆ ಅವರ ಪತ್ನಿ, ಮಕ್ಕಳ ವೈದ್ಯೆ ಎವೆಲಿನ್ ಜೊತೆಗೂಡಿದರು. ಅವರು ಹೆಂಗಸರನ್ನೇ ಕೇಳಿದರು: ನಿಮಗೆ ಕಾಣುವುದೇನು, ಅನುಭವಕ್ಕೆ ಬರುವುದೇನು? ಅಂಡೋತ್ಸರ್ಗ ಸಮೀಪಿಸಿದಂತೆ ಗರ್ಭಕಂಠದ ಸ್ರಾವ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಜಾರುವಂತಾಗಿ, ಎಳೆದರೆ ನೂಲಿನಂತೆ ಹಿಗ್ಗುತ್ತದೆ. ಈ ಗುರುತನ್ನು ಜೇಮ್ಸ್ ಬ್ರೌನ್ ಅವರ ಹಾರ್ಮೋನ್ ಪರೀಕ್ಷೆಗಳು ಸಮರ್ಥಿಸಿದವು. ಅಂಡೋತ್ಸರ್ಗದ ಬಳಿಕ ಬೆಳಗಿನ ದೇಹದ ಉಷ್ಣಾಂಶ ಸುಮಾರು 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಸ್ರಾವ ಮುನ್ಸೂಚನೆ ಕೊಡುತ್ತದೆ. ಉಷ್ಣಾಂಶ ಆಗಿಹೋದುದನ್ನು ತಿಳಿಸುತ್ತದೆ. ವೀರ್ಯಾಣು ಐದು ದಿನಗಳವರೆಗೂ ಉಳಿಯಬಲ್ಲದು, ಅಂಡ ಒಂದು ದಿನ ಮಾತ್ರ. ಹೀಗಾಗಿ ಫಲವತ್ತಾದ ದಿನಗಳು ಸುಮಾರು ಆರು.

ಇಂದು ಮಣಿಸರದ ಜಾಗಕ್ಕೆ ಮೊಬೈಲಿನ ಆ್ಯಪ್ ಬಂದಿದೆ. ‘ಆ್ಯಪ್ ಹೇಳಿದ ದಿನವನ್ನೇ ಪಾಲಿಸಿದೆವು, ಮಗುವಾಗಲಿಲ್ಲ’ ಎನ್ನುವ ದಂಪತಿಗಳನ್ನು ನಾವು ಕಾಣುತ್ತೇವೆ. ತಪ್ಪು ತನ್ನದೇ ಎಂದು ಕೊರಗುವವಳು ಬಹುಪಾಲು ಹೆಂಡತಿ. 35 ದಿನಗಳ ಚಕ್ರದಲ್ಲಿ ಅಂಡೋತ್ಸರ್ಗ ಹದಿನಾಲ್ಕನೆಯ ದಿನಕ್ಕಲ್ಲ, ಇಪ್ಪತ್ತೊಂದನೆಯ ದಿನದ ಸುಮಾರಿಗೆ. ಒಂದು ವರ್ಷ ಪ್ರಯತ್ನಿಸಿಯೂ ಫಲ ಕಾಣದಿದ್ದರೆ, ಪತ್ನಿಗೆ 35 ತುಂಬಿದ್ದರೆ ಆರು ತಿಂಗಳಿಗೇ, ಇಬ್ಬರೂ ವೈದ್ಯರನ್ನು ಕಾಣಬೇಕು. ಮುಟ್ಟು ತೀರ ಏರುಪೇರಾಗಿದ್ದರೆ ಅಷ್ಟು ಕಾಯುವುದೂ ಬೇಡ. ಗರ್ಭ ಬೇಡವೆನ್ನುವವರು ಆ್ಯಪ್‌ನ ಎಣಿಕೆಯೊಂದನ್ನೇ ನೆಚ್ಚಬಾರದು.

ನಮ್ಮ ಮನೆಗಳಲ್ಲಿ ಮುಟ್ಟು ಮಾತಿನಿಂದ ಹೊರಗುಳಿದ ವಿಷಯ. ವೈದ್ಯರು ಹೆಂಗಸರ ಮಾತಿಗೆ ಕಿವಿಗೊಟ್ಟಾಗ ಮುಂದೆ ಸಾಗಿದ ಈ ಅರಿವು, ನಮ್ಮ ಹೆಣ್ಣುಮಕ್ಕಳಿಗೆ ಮೊದಲು ತಾಯಿಯ ಬಾಯಿಂದಲೇ ದೊರೆಯಲಿ ಎಂಬುದು ನಮ್ಮ ಹಾರೈಕೆ.