ಬೋಡಿಯಲ್ಲಿ ನಿಂತ ಹಳಿ, ಕಂಬಂನಲ್ಲಿ ಉಳಿದ ನುಡಿ

2023ರ ಜೂನ್ 15ರಂದು ಬೋಡಿನಾಯಕನೂರಿಗೆ ಪ್ರಯಾಣಿಕರ ರೈಲು ಮರಳಿ ಬಂದಿತು. ಮಧುರೈಯಿಂದ ಉಸಿಲಂಪಟ್ಟಿ, ಆಂಡಿಪಟ್ಟಿ, ತೇನಿಗಳ ಮೂಲಕ ಸುಮಾರು 90 ಕಿ.ಮೀ. ಸಾಗುವ ಈ ಕವಲು ಮಾರ್ಗದ ಚರಿತ್ರೆಯನ್ನು ಸಾಮಾನ್ಯವಾಗಿ ಏಲಕ್ಕಿ ವ್ಯಾಪಾರದ ಚರಿತ್ರೆಯೊಂದಿಗೆ ಸೇರಿಸಿ ಓದಲಾಗುತ್ತದೆ. ಅದನ್ನು ಕಂಬಂ ಕಣಿವೆಯ ಕನ್ನಡದ ಜೊತೆಗಿಟ್ಟು ಓದಿದರೆ ಬೇರೆಯೇ ಪ್ರಶ್ನೆಯೊಂದು ಏಳುತ್ತದೆ: ಸಂಪರ್ಕದ ಕೊರತೆಯೇ ಅಲ್ಪಸಂಖ್ಯಾತ ಭಾಷೆಯನ್ನು ಕಾಯುತ್ತದೆಯೆ?

ಮಾರ್ಗ ತೆರೆದುದು 1928ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಳಿಗಳನ್ನು ಕಿತ್ತರು. 1950ರ ದಶಕದಲ್ಲಿ ಮೀಟರ್ ಗೇಜ್ ರೈಲು ಮತ್ತೆ ಓಡಿತು. ಬ್ರಾಡ್ ಗೇಜ್ ಪರಿವರ್ತನೆಗಾಗಿ 2010ರ ಕೊನೆಗೆ ಅದೂ ನಿಂತಿತು. 2022ರ ಮೇ ತಿಂಗಳಲ್ಲಿ ತೇನಿಯವರೆಗಿನ 75 ಕಿ.ಮೀ. ಉದ್ಘಾಟನೆಗೊಂಡಿತು, ಉಳಿದ 15 ಕಿ.ಮೀ.ಗೆ ಇನ್ನೊಂದು ವರ್ಷ ಹಿಡಿಯಿತು. ಮಧುರೈ–ತೇನಿ ರೈಲನ್ನೂ ಚೆನ್ನೈ–ಮಧುರೈ ಎಕ್ಸ್‌ಪ್ರೆಸ್ ರೈಲನ್ನೂ ಬೋಡಿಯವರೆಗೆ ವಿಸ್ತರಿಸಲಾಯಿತು. ಒಂಟಿ ಹಳಿಯ ಮೇಲೆ ಎದುರುಬದುರಾಗಿ ಬರುವ ರೈಲುಗಳು ಕ್ರಾಸಿಂಗ್ ನಿಲ್ದಾಣಗಳಲ್ಲಷ್ಟೇ ಪರಸ್ಪರ ದಾಟಬಲ್ಲವು. ಆದುದರಿಂದ ಹೊಸ ರೈಲನ್ನು ಬೇಡುವುದಕ್ಕಿಂತ ಇರುವ ರೈಲನ್ನು ಮುಂದಕ್ಕೆ ಒಯ್ಯುವುದು ಇಂಥ ಮಾರ್ಗದಲ್ಲಿ ಸುಲಭ.

ಆದರೆ ತೇನಿಯಿಂದ ಹಳಿ ಪಶ್ಚಿಮಕ್ಕೆ, ಬೆಟ್ಟದ ಬುಡದ ಬೋಡಿಯ ಕಡೆಗೆ ತಿರುಗುತ್ತದೆ. ಚಿನ್ನಮನೂರು, ಉತ್ತಮಪಾಳಯಂ, ಕಂಬಂ, ಗೂಡಲೂರುಗಳ ಕಣಿವೆ ದಕ್ಷಿಣದಲ್ಲಿ ಉಳಿದುಬಿಡುತ್ತದೆ. ದಿಂಡಿಗಲ್‌ನಿಂದ ಪೆರಿಯಕುಳಂ, ತೇನಿ, ಕಂಬಂಗಳ ಮೂಲಕ ಲೋವರ್ ಕ್ಯಾಂಪ್‌ವರೆಗೆ ನೇರ ಮಾರ್ಗ ಬೇಕೆಂಬ ಬೇಡಿಕೆ ಹಳೆಯದು. ಇಂದಿಗೂ ದಿಂಡಿಗಲ್‌ನಿಂದ ರೈಲಿನಲ್ಲಿ ತೇನಿಗೆ ಹೋಗುವವರು ಮಧುರೈಯನ್ನು ಬಳಸಿಯೇ ಹೋಗಬೇಕು.

ರೈಲು ಮುಟ್ಟದ ಈ ಕಣಿವೆಯಲ್ಲೇ ಕಪ್ಪಿಲಿಯರ್, ಅನುಪ್ಪರ್ ಎಂಬ ಕನ್ನಡ ಮೂಲದ ಕೃಷಿಕ ಸಮುದಾಯಗಳಿವೆ. ಡಬ್ಲ್ಯು. ಫ್ರಾನ್ಸಿಸ್ ಅವರ ಮಧುರಾ ಗೆಜೆಟಿಯರ್ (1906) ಮತ್ತು ಎಡ್ಗರ್ ಥರ್ಸ್ಟನ್ ಅವರ ಜಾತಿ–ಬುಡಕಟ್ಟುಗಳ ಸಂಪುಟಗಳು (1909) ಇವರನ್ನು ದಾಖಲಿಸಿವೆ. ಕಂಬಂನ ಕಪ್ಪಿಲಿಯರು ಸಾಕುವ ದೈವದ ಹಿಂಡಿಗೆ ತಮಿಳಿನಲ್ಲಿ ‘ತಂಬಿರಾನ್ ಮಾಡು’, ಕನ್ನಡದಲ್ಲಿ ‘ದೇವರು ಆವು’ ಎಂಬ ಹೆಸರುಗಳಿದ್ದುವು. ಅದರ ಹಸುಗಳ ಹಾಲು ಕರೆಯುವಂತಿಲ್ಲ. ಹಿಂಡಿನ ಮುಖ್ಯ ಹೋರಿ ‘ಪಟ್ಟದ ಆವು’. ಅದು ಸತ್ತರೆ ಸಮುದಾಯವೆಲ್ಲ ಕೂಡಿ, ಹಿಂಡಿನ ಮುಂದೆ ಕಬ್ಬನ್ನು ಹಾಕಿ, ಮೊದಲು ತಿಂದ ಹೋರಿಗೆ ಪಟ್ಟ ಕಟ್ಟುತ್ತಿದ್ದರು. ಇಂದಿನ ಶಿಷ್ಟಕನ್ನಡದ ರೂಢಿಯಲ್ಲಿ ‘ಹಸು’, ‘ಆಕಳು’ಗಳಿಗೆ ಎಡೆಗೊಟ್ಟು ಹಿಂದೆ ಸರಿದ ‘ಆವು’ ಎಂಬ ಹಳೆಯ ಮಾತು ಅಲ್ಲಿ ಆಚರಣೆಯ ಪದವಾಗಿ ನಿಂತಿತ್ತು. ಅಲ್ಲಿ ಹೋರಿಗೂ ಅದೇ ಪದ ಸಲ್ಲುತ್ತಿದ್ದುದು ಗಮನಾರ್ಹ.

ರೈಲು ಬಾರದ್ದರಿಂದ ನುಡಿ ಉಳಿಯಿತು ಎಂದು ಇಲ್ಲಿ ತೀರ್ಮಾನಿಸುವುದು ಸುಲಭ, ಅದು ತಪ್ಪು. ಕಂಬಂ ಎಂದೂ ಮುಚ್ಚಿದ ಕಣಿವೆಯಾಗಿರಲಿಲ್ಲ. ರೈಲಿಗೆ ಮೂರು ದಶಕಗಳ ಮೊದಲೇ, 1895ರಲ್ಲಿ, ಪೆರಿಯಾರ್ ಅಣೆಕಟ್ಟಿನ ನೀರು ಈ ಕಣಿವೆಯ ಮೂಲಕ ವೈಗೈಗೆ ಹರಿಯಿತು. ಗೂಡಲೂರಿನಿಂದ ಕುಮಳಿಗೆ ಘಟ್ಟದ ದಾರಿಯಿತ್ತು. ಸಂತೆಯ, ಶಾಲೆಯ, ಕಚೇರಿಯ ಭಾಷೆ ತಮಿಳೇ ಆಗಿತ್ತು. ಇಷ್ಟೆಲ್ಲ ಸಂಪರ್ಕದ ನಡುವೆ ‘ಆವು’ ಉಳಿದುದು ಅದರ ಸುತ್ತ ಕೂಡುವ ಸಮುದಾಯವಿದ್ದುದರಿಂದ. ಹಿಂಡು, ತೊಳು, ಪಟ್ಟದ ಆಯ್ಕೆ ಇವೆಲ್ಲ ಆ ಪದವನ್ನು ಗಟ್ಟಿಯಾಗಿ ನುಡಿಯಲೇಬೇಕಾದ ಸಂದರ್ಭಗಳಾಗಿದ್ದುವು.

ಆದುದರಿಂದ ಮಾರ್ಗ ಕಂಬಂಗೆ ಮುಂದುವರಿದರೆ ಕನ್ನಡ ಅಳಿಯುತ್ತದೆಂದು ನಾವು ಅಂಜಬೇಕಿಲ್ಲ. ಭಾಷೆಯ ಹೆಸರಿನಲ್ಲಿ ಒಂದು ಊರಿನ ಪ್ರಯಾಣದ ಅಗತ್ಯವನ್ನು ಅಲ್ಲಗಳೆಯುವುದು ಸಂಶೋಧಕನಿಗೆ ಸಲ್ಲದು. ಅಂಜಬೇಕಾದುದು ಬೇರೆ: ಹಿಂಡಿನ ಸುತ್ತ ಆಡುವ ಮಾತು ತಮಿಳಿಗೆ ಹೊರಳಿ ‘ತಂಬಿರಾನ್ ಮಾಡು’ ಮಾತ್ರ ಉಳಿದರೆ, ಯಾವ ರೈಲೂ ಆ ಪದವನ್ನು ಮರಳಿ ತರಲಾರದು. ಕಿತ್ತ ಹಳಿಯನ್ನು ಎರಡು ಬಾರಿ ಮತ್ತೆ ಹಾಸಿದ ನಾಡಿದು. ನುಡಿಗೆ ಆ ಅನುಕೂಲವಿಲ್ಲ.