ಮೀನು ಮುಗಿದ ಮೇಲೆ ಬಂದ ಕಾನೂನು

ಅಲ್ಬರ್ಟಾದ ಆಯಿಲ್ ಸ್ಯಾಂಡ್ಸ್ ಸೈಟಿಗೆ ಮೊದಲ ಸಲ ಹೋದಾಗ, ಕ್ಯಾಂಪಿನ ಊಟದ ಹಾಲ್‌ನಲ್ಲಿ ಒಂದು ಗುಂಪಿನ ಇಂಗ್ಲಿಷ್ ನನಗೆ ಏನೂ ಅರ್ಥ ಆಗಲಿಲ್ಲ. ನನ್ನ ಇಂಗ್ಲಿಷೇ ಸರಿ ಇಲ್ಲ ಅಂದುಕೊಂಡೆ. ಆಮೇಲೆ ಗೊತ್ತಾಯ್ತು, ಅವರೆಲ್ಲ ನ್ಯೂಫೌಂಡ್‌ಲ್ಯಾಂಡ್‌ನವರು. ಅದು ಕೆನಡಾದ ಪೂರ್ವದ ತುದಿಯ ದ್ವೀಪ. ಇಲ್ಲಿಗೂ ಅಲ್ಲಿಗೂ ಗಡಿಯಾರದಲ್ಲೇ ಮೂರೂವರೆ ಗಂಟೆ ವ್ಯತ್ಯಾಸ. ನಮ್ಮ ಹಾಗೆ ಅವರೂ ಮನೆ ಬಿಟ್ಟು, ವಾರಗಟ್ಟಲೆ ಕ್ಯಾಂಪಿನಲ್ಲಿದ್ದು ದುಡಿಯುವವರು. ಸ್ವಂತ ದೇಶದಲ್ಲೇ ಇವರು ಯಾಕೆ ಹೀಗೆ ವಲಸೆ ಬಂದರು ಅಂತ ನನ್ನ ಜೊತೆ ಕೇಬಲ್ ಎಳೆಯುತ್ತಿದ್ದ ಹಿರಿಯನನ್ನು ಕೇಳಿದೆ. ಅವನು ಒಂದೇ ಮಾತು ಹೇಳಿದ: "ಕಾಡ್."

ಕಾಡ್ ಅಂದರೆ ತಣ್ಣೀರಿನ ಸಮುದ್ರದ ದೊಡ್ಡ ಮೀನು. ನಮ್ಮ ಕಡೆ ಇಲ್ಲ, ಹಾಗಾಗಿ ಕನ್ನಡದಲ್ಲಿ ಹೆಸರೂ ಇಲ್ಲ. 1497ರಲ್ಲಿ ಜಾನ್ ಕ್ಯಾಬಟ್ ಆ ಕಡೆ ಹೋಗಿಬಂದಾಗ, ಅಲ್ಲಿ ಬಲೆಯೇ ಬೇಡ, ಕಲ್ಲು ಕಟ್ಟಿ ಬುಟ್ಟಿ ಇಳಿಸಿದರೂ ಮೀನು ಬರುತ್ತದೆ ಅಂತ ಅವನ ಜೊತೆಗಾರರು ಇಂಗ್ಲೆಂಡಿನಲ್ಲಿ ಹೇಳಿಕೊಂಡರಂತೆ. ಅಲ್ಲಿಂದ ನಾಲ್ಕೂವರೆ ಶತಮಾನ ಆ ದಡದ ಜನ ಸಣ್ಣ ದೋಣಿ, ಗಾಳ, ಬಲೆಗಳಲ್ಲಿ ಈ ಮೀನು ಹಿಡಿದು, ಉಪ್ಪು ಹಾಕಿ ಒಣಗಿಸಿ, ಮಾರಿ ಬದುಕಿದರು. ಮೀನೂ ಉಳಿಯಿತು, ಜನವೂ ಉಳಿದರು.

ಕೆಟ್ಟದ್ದು ಆಮೇಲೆ. 1954ರಲ್ಲಿ 'ಫೇರ್‌ಟ್ರೈ' ಎಂಬ ಬ್ರಿಟಿಷ್ ಹಡಗು ಬಂತು. ಹಿಡಿದ ಮೀನನ್ನು ಹಡಗಿನಲ್ಲೇ ಕತ್ತರಿಸಿ, ಅಲ್ಲೇ ಫ್ರೀಜ್ ಮಾಡುವ ತೇಲುವ ಫ್ಯಾಕ್ಟರಿ ಅದು. ಹಿಂದೆಯೇ ಸೋವಿಯತ್, ಸ್ಪೇನ್, ಪೋರ್ಚುಗಲ್, ಜರ್ಮನಿಯ ಹಡಗುಗಳೂ ಬಂದವು. ಕಾಡ್ ಬೇಸಿಗೆಯಲ್ಲಿ ದಡಕ್ಕೆ ಬರುತ್ತದೆ, ಚಳಿಗಾಲದಲ್ಲಿ ದೂರದ ಆಳ ನೀರಿನಲ್ಲಿ ಗುಂಪುಗೂಡುತ್ತದೆ, ಮೊಟ್ಟೆ ಇಡುವುದೂ ಅಲ್ಲೇ. ಸಣ್ಣ ದೋಣಿಗಳಿಗೆ ಆ ಜಾಗ ಎಟುಕದು. ಟ್ರಾಲರ್‌ಗಳು ಸೀದಾ ಅಲ್ಲಿಗೇ ಹೋಗಿ ಬಲೆ ಎಳೆದವು. 1968ರ ಒಂದೇ ವರ್ಷದಲ್ಲಿ 8 ಲಕ್ಷ ಟನ್ ಹಿಡಿದರು. ಹತ್ತು ವರ್ಷದಲ್ಲಿ ಅದು 2 ಲಕ್ಷ ಟನ್ನಿಗಿಂತ ಕೆಳಗೆ ಬಂತು.

1977ರಲ್ಲಿ ಕೆನಡಾ ತನ್ನ ದಡದಿಂದ 200 ಮೈಲಿ ತನಕ ತನ್ನದೇ ಮೀನುಗಾರಿಕೆ ಗಡಿ ಅಂತ ಘೋಷಿಸಿ ಹೊರಗಿನ ಹಡಗುಗಳನ್ನು ಹೊರಹಾಕಿತು. ಇಲ್ಲೇ ನಿಲ್ಲಿಸಿದ್ದರೆ ಕಥೆ ಬೇರೆ ಇರುತ್ತಿತ್ತು. ಆದರೆ ಅವರು ಹೋದ ಜಾಗಕ್ಕೆ ಸರ್ಕಾರದ ಬೆಂಬಲದಲ್ಲೇ ಕೆನಡಾದ ದೊಡ್ಡ ಟ್ರಾಲರ್‌ಗಳು ಬಂದವು. ಎಲ್ಲ ಹೊರಗಿನವರಿಂದಲೇ ಹಾಳಾಯ್ತು ಅನ್ನೋ ಮಾತು ಕ್ಯಾಂಪಿನಲ್ಲಿ ನಾನೂ ಕೇಳಿದ್ದೇನೆ. ಲೆಕ್ಕ ನೋಡಿದರೆ ಅದು ಅರ್ಧ ಸತ್ಯ.

ಮೊದಲು ಕೂಗಿದವರು ದಡದ ಸಣ್ಣ ಮೀನುಗಾರರು. ಮೀನು ಕಮ್ಮಿ ಆಗ್ತಾ ಇದೆ, ಸಿಕ್ಕಿದ್ದೂ ಸಣ್ಣದು ಅಂತ 80ರ ದಶಕದಲ್ಲೇ ಹೇಳಿದರು. ಇಲಾಖೆ ನಂಬಲಿಲ್ಲ. ಯಾಕೆಂದರೆ ಅವರ ಅಂದಾಜು ಬಹುಪಾಲು ನಿಂತಿದ್ದು ಟ್ರಾಲರ್‌ಗಳಿಗೆ ಎಷ್ಟು ಸಿಗುತ್ತದೆ ಎಂಬುದರ ಮೇಲೆ. ಟ್ರಾಲರ್‌ಗೆ ಯಂತ್ರ ಇದೆ, ಮೀನು ಎಲ್ಲಿ ಗುಂಪಾಗಿದೆಯೋ ಹುಡುಕಿ ಅಲ್ಲೇ ಹೋಗುತ್ತದೆ. ಸಮುದ್ರ ಖಾಲಿ ಆಗುತ್ತಿದ್ದರೂ ಅದರ ಬಲೆ ತುಂಬುತ್ತದೆ. ನಮ್ಮ ಕೆಲಸದವರಿಗೆ ಇದು ಕೂಡಲೇ ಅರ್ಥ ಆಗುತ್ತದೆ: ಟ್ರಾನ್ಸ್‌ಫಾರ್ಮರ್ ಹತ್ತಿರ ಮೀಟರ್ ಹಿಡಿದು ವೋಲ್ಟೇಜ್ ಸರಿ ಇದೆ ಅಂತ ಬರೆದುಕೊಂಡು ಹೋದರೆ, ಲೈನಿನ ಕೊನೆ ಮನೆಯಲ್ಲಿ ಬಲ್ಬು ಮಿಣಮಿಣ ಅಂತಿರೋದು ಗೊತ್ತಾಗುವುದಿಲ್ಲ. ಕೊನೆ ಮನೆಯವನು ಫೋನ್ ಮಾಡಿದರೆ ಸುಳ್ಳು ಹೇಳ್ತಾನೆ ಅಂತಾರೆ.

ಕೊನೆಗೆ ವಿಜ್ಞಾನಿಗಳೇ ತಮ್ಮ ಅಂದಾಜು ತಪ್ಪಿದೆ ಎಂದು ಒಪ್ಪಿ, 1989ಕ್ಕೆ 1,25,000 ಟನ್ ಸಾಕು ಅಂದರು. ಅಷ್ಟು ಇಳಿಸಿದರೆ ಮೀನಿನ ಫ್ಯಾಕ್ಟರಿಗಳು ಮುಚ್ಚುತ್ತವೆ, ಕೆಲಸ ಹೋಗುತ್ತದೆ ಎಂದು ಸರ್ಕಾರ 2,35,000 ಟನ್ ಎಂದು ಇಟ್ಟಿತು. ಕೆಲಸ ಉಳಿಸಲು ಮಾಡಿದ ಈ ತೀರ್ಮಾನದ ಫಲ ಮೂರೇ ವರ್ಷದಲ್ಲಿ ಬಂತು.

1992ರ ಜುಲೈ 2ರಂದು ಮೀನುಗಾರಿಕೆ ಮಂತ್ರಿ ಜಾನ್ ಕ್ರಾಸ್ಬಿ ಸೇಂಟ್ ಜಾನ್ಸ್‌ನ ಹೋಟೆಲೊಂದರಲ್ಲಿ ಕೂತು, ಎರಡು ವರ್ಷ ಕಾಡ್ ಹಿಡಿಯುವಂತಿಲ್ಲ ಎಂದು ಪ್ರಕಟಿಸಿದ. ಅವನೂ ಅದೇ ದ್ವೀಪದವನೇ. ಹಿಂದಿನ ದಿನ ಮೀನುಗಾರರು ಮುತ್ತಿಕೊಂಡಾಗ, ಸಮುದ್ರದಿಂದ ಮೀನು ತೆಗೆದದ್ದು ನಾನಲ್ಲ ಅಂತ ಸಿಟ್ಟಿನಲ್ಲಿ ಕೂಗಿದ್ದ. ಪರಿಹಾರ ವಾರಕ್ಕೆ 225 ಡಾಲರ್ ಅಂದಾಗ ಹೊರಗಿದ್ದವರು ಬಾಗಿಲು ಒಡೆಯಲು ನೋಡಿದರು. ಆಮೇಲೆ ಅದನ್ನು 406 ಡಾಲರ್ ತನಕ ಏರಿಸಿದರು. ಸುಮಾರು 30 ಸಾವಿರ ಜನರ ಕೆಲಸ ಹೋಯಿತು.

ನಾನು ಹೊನ್ನಾವರ ಕಡೆಯವನು. ನಮ್ಮಲ್ಲೂ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ನಿಷೇಧ. ಮಾವ ಪ್ರತಿ ವರ್ಷ ಬೈಕೊಂಡೇ ಬಲೆ ರಿಪೇರಿಗೆ ಕೂರ್ತಾರೆ. ಆದರೆ ನಾಡದೋಣಿಗಳಿಗೆ ವಿನಾಯಿತಿ ಉಂಟು. ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಹಾಗಿರಲಿಲ್ಲ. ಟ್ರಾಲರ್ ಕಂಪನಿಗೂ ಒಂಟಿ ದೋಣಿಯವನಿಗೂ ಒಂದೇ ದಿನ ಬೀಗ ಬಿತ್ತು. ಕಾನೂನು ತಪ್ಪು ಅಂತ ನಾನು ಹೇಳೋದಿಲ್ಲ, ಆ ಹೊತ್ತಿಗೆ ಬೇರೆ ದಾರಿ ಉಳಿದಿರಲಿಲ್ಲ. ಹದಿನೈದು ವರ್ಷ ಮೊದಲು ಬಂದಿದ್ದರೆ ಇಷ್ಟು ಕಠಿಣ ಆಗಬೇಕಿರಲಿಲ್ಲ.

ಎರಡು ವರ್ಷ ಅಂದದ್ದು 32 ವರ್ಷ ಆಯಿತು. ನಡುವೆ ಕೆಲವು ಸಲ ದಡದ ಹತ್ತಿರ ಸ್ವಲ್ಪ ಬಿಟ್ಟರು, ಮತ್ತೆ ಮುಚ್ಚಿದರು. ದ್ವೀಪದಲ್ಲಿ ಏಡಿ, ಸಿಗಡಿಯ ವ್ಯಾಪಾರ ಬೆಳೆಯಿತು, ಅದರಲ್ಲಿ ಕೆಲವರಿಗೆ ಒಳ್ಳೇ ದುಡ್ಡೂ ಆಯಿತು. ಉಳಿದವರು ಹೊರಟರು. 1991ರಿಂದ 2001ರೊಳಗೆ ಆ ಪ್ರಾಂತ್ಯದ ಜನಸಂಖ್ಯೆ ಸುಮಾರು ಹತ್ತನೇ ಒಂದು ಭಾಗ ಇಳಿಯಿತು. ಅವರಲ್ಲಿ ಬಹಳ ಮಂದಿ ಬಂದದ್ದು ನಮ್ಮ ಅಲ್ಬರ್ಟಾಕ್ಕೇ.

2024ರ ಜೂನ್‌ನಲ್ಲಿ ಸರ್ಕಾರ ನಿಷೇಧ ತೆಗೆದು 18,000 ಟನ್ನಿಗೆ ಅನುಮತಿ ಕೊಟ್ಟಿತು. ಅದರಲ್ಲಿ ದೊಡ್ಡ ಟ್ರಾಲರ್‌ಗಳಿಗೂ ಪಾಲು ಇದೆ. ಮೊದಲ 1,15,000 ಟನ್ ದಡದ ಮೀನುಗಾರರಿಗೆ ಮತ್ತು ಮೂಲನಿವಾಸಿಗಳಿಗೆ ಅಂತ ಮಾತು ಕೊಟ್ಟಿದ್ದಿರಿ ಎಂದು ಮೀನುಗಾರರ ಯೂನಿಯನ್ ಜಗಳಕ್ಕೆ ನಿಂತಿತು. ಸುದ್ದಿ ಬಂದ ದಿನ ನನ್ನ ಜೊತೆಗಾರ ಮೊಬೈಲ್ ನೋಡಿ ಏನೂ ಹೇಳದೆ ಟೂಲ್ ಬೆಲ್ಟ್ ಕಟ್ಟಿಕೊಂಡ. ಅವನಿಗೆ ಈಗ ಐವತ್ತು ದಾಟಿದೆ, ಅಪ್ಪನ ದೋಣಿ ಮಾರಿ ಎಷ್ಟೋ ಕಾಲ ಆಯಿತು. ಬೇಸಿಗೆ ರಜೆಗೆ ಊರಿಗೆ ಹೋದಾಗ, ಮನೆ ಊಟಕ್ಕೆ ಅಂತ ಸರ್ಕಾರ ಬಿಡುವ ದಿನಗಳಲ್ಲಿ ಗಾಳ ಹಾಕ್ತಾನೆ. ತಲೆಗೆ ದಿನಕ್ಕೆ ಐದು ಮೀನು ಮಾತ್ರ. ಅವನ ಮಗ ನಮ್ಮ ಗ್ಯಾಂಗಿನಲ್ಲೇ ಅಪ್ರೆಂಟಿಸ್ ಎಲೆಕ್ಟ್ರಿಷಿಯನ್.